ಅವ್ವ ಮುಡಿಪಿಟ್ಟ ಬೆಟ್ಟ

ನನ್ನ ಬೆನ್ನು ಎಲ್ಲಿ ಕೆಟ್ಟಿತು ಎಂಬುದಕ್ಕೆ ನಮ್ಮ ಮನೆಯಲ್ಲಿ ಮೂರು ಉತ್ತರಗಳಿವೆ. ಅವ್ವನ ಪ್ರಕಾರ ಬೆಟ್ಟದಲ್ಲಿ. ಭಾನುವಾರ ಬಂದರೆ ಸಾಕು, ಹೆಗಲಿಗೆ ಚೀಲ ಏರಿಸಿಕೊಂಡು ಕಲ್ಲು ಮುಳ್ಳು ತುಳಿಯಲು ಹೋಗುವ ಹೆಂಗಸಿಗೆ ಇನ್ನೇನಾಗಬೇಕು ಎನ್ನುವುದು ಅವಳ ವಾದ. ನನ್ನ ಗಂಡ ತಂಗವೇಲುವಿನ ಪ್ರಕಾರ ಸ್ಕೂಟರಿನಲ್ಲಿ, ಕೊಯಮತ್ತೂರಿನ ಗಣಪತಿ ಬಡಾವಣೆಯ ಹಳ್ಳ ಬಿದ್ದ ರಸ್ತೆಗಳಲ್ಲಿ. ನನಗೆ ನೆನಪಿರುವುದು ಇವೆರಡೂ ಅಲ್ಲ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದವಳು ಹಾಗೆಯೇ, ಅರ್ಧ ಬಗ್ಗಿದಂತೆಯೇ ನಿಂತುಬಿಟ್ಟ ಒಂದು ಮಧ್ಯಾಹ್ನ. ಆದರೆ ನಾನು ಇತಿಹಾಸ ಪಾಠ ಮಾಡುವವಳು. ಒಬ್ಬರೇ ಸಾಕ್ಷಿಯಿದ್ದರೆ ಪೂರ್ತಿ ನಂಬಬೇಡಿ ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತೇನೆ. ಆ ಪೆನ್ನು ನಿಜವಾಗಿ ಬಿದ್ದಿತ್ತೋ, ಬೆಟ್ಟದ ಮೇಲಿನ ಆರೋಪ ತಪ್ಪಿಸಲು ಆಮೇಲೆ ನಾನೇ ಅದನ್ನು ಬೀಳಿಸಿಕೊಂಡೆನೋ, ಈಗ ಹೇಳಲಾರೆ.

ಇದನ್ನು ಬರೆಯುತ್ತಿರುವುದು ಒಂದು ಮಗ್ಗುಲಿಗೆ ಮಲಗಿ ಫೋನು ಹಿಡಿದು ಓದುತ್ತಿರುವ ಯಾರಿಗಾದರೂ ಸಿಗಲಿ ಎಂದು. ಹಾಗೆ ಮಲಗಿದ್ದಾಗ ನಾನೂ ಹುಡುಕಿದ್ದೆ. ಸಿಕ್ಕಿದ್ದೆಲ್ಲ ಬೆನ್ನುಮೂಳೆಯ ಬಣ್ಣದ ಚಿತ್ರಗಳು. ಆ ಚಿತ್ರ ನೋಡಿ ಯಾರಿಗೂ ಧೈರ್ಯ ಬಂದದ್ದನ್ನು ನಾನು ಕಂಡಿಲ್ಲ.

ನನ್ನ ತವರು ಕೊಯಮತ್ತೂರಿನ ಹತ್ತಿರದ ಸೋಮನೂರಿನ ಮಗ್ಗದ ಮನೆ. ಎಷ್ಟು ತಲೆಮಾರಿನಿಂದ ಇಲ್ಲಿದ್ದೇವೋ ಯಾರಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಅವ್ವನಿಗೆ ಬಾರದು, ಅಪ್ಪನಿಗೂ ಬರುತ್ತಿರಲಿಲ್ಲ. ಎಂ.ಎ. ಓದಲು ಮೈಸೂರಿಗೆ ಹೋದಾಗ ಹಾಸ್ಟೆಲಿನಲ್ಲಿ ನಾನು ಕಲಿತೆ. ಅಂದಿನಿಂದ ದಿನಚರಿ ಬರೆಯುವುದು ಕನ್ನಡದಲ್ಲೇ. ಮನೆಯಲ್ಲಿ ಯಾರೂ ಓದಲಾರರು ಎಂಬ ನೆಮ್ಮದಿಯೂ ಅದರಲ್ಲಿ ಸೇರಿತ್ತು.

ಬೆಟ್ಟದ ಹುಚ್ಚು ಹಿಡಿದದ್ದು ನಲವತ್ತರ ಹತ್ತಿರ. ದಾವಣಗೆರೆಯಿಂದ ಕೆಲಸಕ್ಕೆಂದು ಕೊಯಮತ್ತೂರಿಗೆ ಬಂದಿದ್ದ ನಸೀಮಾ ಒಂದು ನಡಿಗೆಯ ಗುಂಪಿನಲ್ಲಿ ಸಿಕ್ಕಳು. ನಾನು ಫೋನಿನಲ್ಲಿ ಅವ್ವನೊಂದಿಗೆ ಮಾತಾಡುವುದನ್ನು ಕೇಳಿ, "ಮೇಡಂ, ಇದು ಕನ್ನಡನಾ? ಅರ್ಧ ಅರ್ಥ ಆಯ್ತು, ಅರ್ಧ ಹಾಡಿದಂಗಾಯ್ತು" ಎಂದಳು. ಅಲ್ಲಿಂದ ಭಾನುವಾರಗಳು ಇಬ್ಬರವೂ ಒಂದೇ ಆದವು. ನಮಗೆ ದೊಡ್ಡ ಬೆಟ್ಟಗಳು ಬೇಕಿರಲಿಲ್ಲ. ಕಾಂಗೇಯದ ಆಚೆಯ ಊದಿಯೂರು ಬೆಟ್ಟ ಹೆಚ್ಚು ಇಷ್ಟವಾಗಿತ್ತು. ಸುತ್ತ ಬಯಲು, ನಡುವೆ ಒಣ ಕುರುಚಲಿನ ಒಂಟಿ ಬೆಟ್ಟ. ಅರ್ಧದಲ್ಲಿ ಮುರುಗನ ಗುಡಿ, ಅಲ್ಲಿಯವರೆಗೆ ಮೆಟ್ಟಿಲು. ಮೇಲಕ್ಕೆ ಬರೀ ಕಲ್ಲುದಾರಿ. ತುದಿಯಲ್ಲಿ ನಿಂತರೆ ಗಾಳಿ ಕಿವಿಯಲ್ಲಿ ತುಂಬಿಕೊಂಡು ತಲೆಯೊಳಗಿನ ಮಾತೆಲ್ಲ ನಿಲ್ಲುತ್ತಿತ್ತು. ಯಾರಾದರೂ ಬೆಟ್ಟ ಯಾಕೆ ಹತ್ತುತ್ತೀಯ ಎಂದು ಕೇಳಿದರೆ ನನ್ನಲ್ಲಿದ್ದ ಉತ್ತರ ಅದೊಂದೇ.

ನೋವು ಮೊದಲು ಸೊಂಟದಲ್ಲಿತ್ತು. ಆಮೇಲೆ ಎಡಗಾಲಿಗಿಳಿಯಿತು. ಬಿಸಿ ನೀರು, ಎಣ್ಣೆ, ಬೆಲ್ಟು, ಮಾತ್ರೆ ಎಲ್ಲ ಆಯಿತು. ನಾನು ಹೆದರಿದ್ದು ಮಾತ್ರ ನೋವು ಕಡಿಮೆಯಾದ ದಿನ. ಉಕ್ಕಡಂ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿದ್ದೆ. ಮೀನಿನ ಬೋಗುಣಿ ಹೊತ್ತ ಹೆಂಗಸೊಬ್ಬಳು ಕಿಟಕಿಗೆ ತಟ್ಟಿ, ತಮಿಳಿನಲ್ಲಿ, "ಅಮ್ಮಾ, ಇದು ನಿಮ್ಮದೇ ತಾನೆ" ಎಂದು ಒಂದು ಚಪ್ಪಲಿ ಎತ್ತಿ ಹಿಡಿದಳು. ನೋಡಿದರೆ ನನ್ನ ಎಡಗಾಲು ಬರಿಗಾಲು. ಚಪ್ಪಲಿ ಜಾರಿ ಬಿದ್ದದ್ದು ನನ್ನ ಕಾಲಿಗೆ ತಿಳಿದೇ ಇರಲಿಲ್ಲ. ಅವಳು ಅದನ್ನು ಸೆರಗಿನಿಂದ ಒರೆಸಿ ಕಿಟಕಿಯೊಳಗೆ ಕೊಟ್ಟಳು. ಮೀನಿನ ವಾಸನೆ ಅದರಲ್ಲಿ ಬಹಳ ದಿನ ಇತ್ತು. ಆ ಚಪ್ಪಲಿಯನ್ನು ನಾನು ಎಸೆಯಲಿಲ್ಲ.

ಬೆನ್ನಿನ ಡಾಕ್ಟರರ ಹೊರಗಿನ ಕೋಣೆಯನ್ನು ನೀವು ನೋಡಿರಬಹುದು. ಕುರ್ಚಿಗಳೆಲ್ಲ ಖಾಲಿ, ಜನರೆಲ್ಲ ಗೋಡೆಗೆ ಒರಗಿ ನಿಂತಿರುತ್ತಾರೆ. ಕೂತಿರುವವರು ಜೊತೆಗೆ ಬಂದವರು. ಸ್ಕ್ಯಾನಿನ ದೊಡ್ಡ ಲಕೋಟೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಒಬ್ಬ ಹಿರಿಯರು ನನ್ನನ್ನು ನೋಡಿ, "ಎಡವಾ, ಬಲವಾ?" ಎಂದರು. "ಎಡ" ಎಂದೆ. "ನನಗೆ ಬಲ. ಇಬ್ಬರನ್ನೂ ಸೇರಿಸಿದರೆ ಒಬ್ಬ ಒಳ್ಳೆಯ ಮನುಷ್ಯ ಆಗುತ್ತಾನೆ" ಎಂದು ನಕ್ಕರು. ನಗಲು ಹೋಗಿ ಇಬ್ಬರೂ ಸೊಂಟ ಹಿಡಿದುಕೊಂಡೆವು. ಅವರ ಹೆಸರು ಕೇಳಲಿಲ್ಲ. ಮುಂದೆ ಆ ಕೋಣೆಗೆ ಎಷ್ಟೋ ಸಲ ಹೋದೆ, ಅವರು ಮತ್ತೆ ಸಿಗಲಿಲ್ಲ.

ಡಾಕ್ಟರು ನನ್ನ ಹೆಬ್ಬೆರಳಿನ ಮೇಲೆ ತಮ್ಮ ಬೆರಳಿಟ್ಟು, ಮೇಲಕ್ಕೆ ಎತ್ತಿ ಎಂದರು. ನಾನು ಎತ್ತಿದೆ. ಅಂದರೆ, ಎತ್ತಿದೆ ಎಂದುಕೊಂಡೆ. ತಂಗವೇಲುವಿನ ಮುಖ ನೋಡಿದ ಮೇಲೆ ಗೊತ್ತಾಯಿತು, ಬೆರಳು ಅಲುಗಿರಲಿಲ್ಲ. ಅವನು ಪಂಪಿನ ಬಿಡಿಭಾಗಗಳ ವರ್ಕ್‌ಶಾಪ್ ನಡೆಸುವವನು, ಎಲ್ಲದಕ್ಕೂ ಒಂದು ಸ್ಪೇರ್ ಇದೆ ಎಂದು ನಂಬಿದವನು. ಡಾಕ್ಟರು ಆಪರೇಷನ್ ತಡ ಮಾಡುವುದು ಬೇಡ, ನರ ಹೆಚ್ಚು ದಿನ ಕಾಯುವುದಿಲ್ಲ ಎಂದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ. "ಮಾಡಿದರೆ ನಡೀತಾರಾ ಸಾರ್?" ಡಾಕ್ಟರು ಹೂಂ ಎನ್ನಲಿಲ್ಲ. "ಮಾಡದಿದ್ದರೆ ಕಷ್ಟ" ಎಂದರು. ಹೊರಗೆ ಬಂದು ಅವನು ಸ್ಕೂಟರಿನ ಬೀಗದ ಕೈಯನ್ನು ಎಲ್ಲ ಜೇಬಿನಲ್ಲೂ ಹುಡುಕಿದ. ಅದು ಅವನ ಕೈಯಲ್ಲೇ ಇತ್ತು.

ಆಪರೇಷನ್ನಿನ ಹಿಂದಿನ ದಿನದಿಂದ ಮುಂದಿನ ಕೆಲವು ದಿನ ನನ್ನ ದಿನಚರಿ ಖಾಲಿಯಿದೆ. ಆ ದಿನಗಳ ಬಗ್ಗೆ ನನಗಿರುವುದೆಲ್ಲ ಬೇರೆಯವರು ಹೇಳಿದ್ದು. ನನ್ನವೆನ್ನಬಹುದಾದ ಚೂರುಗಳು ಕೆಲವೇ: ಹಸಿರು ಬಟ್ಟೆಯ ಒರಟು, ಮೇಲೆ ಹಾದುಹೋಗುತ್ತಿದ್ದ ಟ್ಯೂಬ್‌ಲೈಟುಗಳು, ಅವ್ವನ ಬಳೆಗಳ ತಣ್ಣನೆ. ಬಳೆ ನನ್ನ ಕೆನ್ನೆಗೆ ತಾಗಿದ್ದು ಒಳಗೆ ಹೋಗುವಾಗಲೋ ಹೊರಗೆ ಬಂದ ಮೇಲೋ ಗೊತ್ತಿಲ್ಲ.

ಮಗ್ಗಗಳನ್ನು ಚಿಕ್ಕಪ್ಪನ ಮಗನಿಗೆ ಒಪ್ಪಿಸಿ ಅವ್ವ ಕೊಯಮತ್ತೂರಿನ ನಮ್ಮ ಮನೆಗೆ ಬಂದಳು. ಅವಳು ಮಗ್ಗ ಬಿಟ್ಟು ಇಷ್ಟು ದಿನ ಹೊರಗೆ ಇದ್ದದ್ದು ನಾನು ಕಂಡಂತೆ ಅದೇ ಮೊದಲು. ಸದ್ದಿಲ್ಲದ ಮನೆಯಲ್ಲಿ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. "ಏನ್ ಮನೆಯೋ ಇದು, ಕಿವಿಗೆ ಹತ್ತಿ ಇಟ್ಟಂಗೆ" ಎಂದು ಗೊಣಗುತ್ತಿದ್ದಳು. ಬೆನ್ನು ತಿರುಚದೆ ಮರದ ದಿಮ್ಮಿಯ ಹಾಗೆ ಇಡಿಯಾಗಿ ಹೊರಳಬೇಕೆಂದು ನರ್ಸ್ ಹೇಳಿಕೊಟ್ಟಿದ್ದಳು. ಅವ್ವ ಅದನ್ನು ನನಗಿಂತ ಬೇಗ ಕಲಿತಳು. ನೂಲು ಸುತ್ತಿದ ಭಾರದ ಉರುಳೆಯನ್ನು ಎಳೆ ಕೆಡದಂತೆ ಹೊರಳಿಸಿ ಅಭ್ಯಾಸವಿದ್ದ ಕೈ ಅದು. ಒಂದು ಕೈ ಹೆಗಲಿಗೆ, ಒಂದು ಕೈ ತೊಡೆಗೆ. "ಹೂಂ, ಬಾ ಕಣ್ಣು" ಎನ್ನುವಷ್ಟರಲ್ಲಿ ನಾನು ಗೋಡೆಯ ಕಡೆಗೆ ತಿರುಗಿರುತ್ತಿದ್ದೆ. ಹಾಗೆ ತಿರುಗಿದಾಗಲೇ ತಲೆ ಬಾಚುತ್ತಿದ್ದಳು. ಮದುವೆಯಾದ ಮೇಲೆ ನನ್ನ ತಲೆಯನ್ನು ಯಾರೂ ಬಾಚಿರಲಿಲ್ಲ.

ಬೆಳಗ್ಗೆ ಕಾಫಿಗಿಂತ ಮೊದಲು ಅವಳದೊಂದು ಪರೀಕ್ಷೆ. ಡಾಕ್ಟರು ಮಾಡಿದ್ದನ್ನು ಯಾರೋ ಹೇಳಿದ್ದರು. ನನ್ನ ಹೆಬ್ಬೆರಳಿಗೆ ತಾಗದಂತೆ ತುಸು ಮೇಲೆ ತನ್ನ ತೋರುಬೆರಳು ಹಿಡಿದು, "ಎಲ್ಲಿ, ನನ್ ಬೆರಳ ಮುಟ್ಟು ನೋಡಾಣ" ಎನ್ನುತ್ತಿದ್ದಳು. ಮುಟ್ಟಲಾಗುತ್ತಿರಲಿಲ್ಲ. "ಪರ್ವಾಯಿಲ್ಲ, ಇನ್ನೂ ಎದ್ದಿಲ್ಲ ಅದು, ಮಲಗ್ಲಿ" ಎಂದು ಹೊದಿಕೆ ಸರಿಮಾಡಿ ಹೋಗುತ್ತಿದ್ದಳು. ಒಂದು ದಿನ ಮುಟ್ಟಿತು. ಬೆರಳನ್ನು ಹಾಗೇ ಹಿಡಿದುಕೊಂಡು ಕೂತಳು. ಆಮೇಲೆ ಅಡುಗೆಮನೆಗೆ ಹೋಗಿ ತಂಗವೇಲುವಿಗೆ, "ಅಳಿಯಂದ್ರೇ, ಇವತ್ತು ಕಾಫಿಗೆ ಸಕ್ಕರೆ ನಾನೂ ಹಾಕ್ಕೋತೀನಿ" ಎಂದದ್ದು ಕೇಳಿಸಿತು. ಅವಳಿಗೆ ಸಕ್ಕರೆ ಕಾಯಿಲೆ. ಅವನು ಡಬ್ಬಿಯ ಮುಚ್ಚಳ ತೆಗೆದುಕೊಟ್ಟ.

ತಂಗವೇಲು ತನ್ನ ಪ್ರೀತಿಯನ್ನು ವರ್ಕ್‌ಶಾಪಿನಲ್ಲೇ ಬೆಸುಗೆ ಹಾಕಿಸಿ ತರುತ್ತಿದ್ದ. ಬಚ್ಚಲಿಗೆ ಹಿಡಿಕೆ, ಮಂಚಕ್ಕೆ ಹಿಡಿಕೆ, ಕೊನೆಗೆ ಬಾಗಿಲಿನಿಂದ ಲಿಫ್ಟಿನವರೆಗೆ ಗೋಡೆಯುದ್ದಕ್ಕೂ ಒಂದು ಕೊಳವೆ. ಪಕ್ಕದ ಮನೆಯವರು ಬಸ್ಸಿನಲ್ಲಿ ಇದ್ದ ಹಾಗಿದೆ ಎಂದರು. ಆ ಕೊಳವೆ ಹಿಡಿದು ನಾನು ನಡೆಯಲು ಕಲಿತೆ. ಆಮೇಲೆ ಅವನ ತೋಳು ಹಿಡಿದು ಬೆಳಗಿನ ಹೊತ್ತು ಉಕ್ಕಡಂ ಕೆರೆಯ ದಂಡೆಯ ಮೇಲೆ. ನಸೀಮಾ ಮೊದಮೊದಲು ತಾನು ಹೋದ ಬೆಟ್ಟಗಳ ಫೋಟೋ ಕಳಿಸುತ್ತಿದ್ದಳು. ಆಮೇಲೆ ನಿಲ್ಲಿಸಿದಳು. ಬಂದಾಗ ಕಿಚ್ಚಾಗುತ್ತಿತ್ತು. ನಿಂತಾಗ ಅದಕ್ಕಿಂತ ಹೆಚ್ಚು ಸಂಕಟವಾಯಿತು. ನಾನು ಇನ್ನು ಅವರ ಪೈಕಿ ಅಲ್ಲ ಎಂದು ಅವಳೂ ತೀರ್ಮಾನಿಸಿದಳೇನೋ ಅನ್ನಿಸಿತು.

ಕೊನೆಯ ಸಲ ಡಾಕ್ಟರರ ಬಳಿ ಹೋದಾಗ ಅವ್ವನೂ ಬಂದಿದ್ದಳು. ನಾನು ಕೇಳಬೇಕೋ ಬೇಡವೋ ಎಂದು ಬಾಗಿಲ ತನಕ ಹೋಗಿ, ಹಿಂದೆ ತಿರುಗಿ ಕೇಳಿದೆ. ಬೆಟ್ಟ ಹತ್ತಬಹುದಾ ಎಂದು.

"ಧಾರಾಳವಾಗಿ ಹತ್ತಿ ಮೇಡಂ. ನಿಧಾನವಾಗಿ. ಚೀಲ ಮಾತ್ರ ಬೇರೆಯವರ ಹೆಗಲಿಗೆ ಹಾಕಿ. ಇಳಿಯುವಾಗ ಕೋಲು ಇರಲಿ" ಎಂದರು ಅವರು.

ನಾನು ನಗುತ್ತ ಅವ್ವನ ಕಡೆ ನೋಡಿದೆ. ಅವಳು ಗೋಡೆಯ ಮೇಲಿನ ಬೆನ್ನುಮೂಳೆಯ ಚಿತ್ರ ನೋಡುತ್ತಿದ್ದಳು. ಮನೆಗೆ ಬಂದವಳು ಚೀಲದಿಂದ ಅರಿಶಿನದ ಬಟ್ಟೆಯ ಸಣ್ಣ ಗಂಟೊಂದನ್ನು ತೆಗೆದು ನನ್ನ ಮುಂದೆ ಇಟ್ಟಳು. ಒಳಗೆ ಒಂದು ನಾಣ್ಯವಿರುತ್ತದೆ ಎಂದು ನೋಡಿದರೇ ಗೊತ್ತಾಗುತ್ತದೆ. ಮುಡಿಪು. ದೇವರಿಗೆ ಮಾತು ಕೊಟ್ಟಾಗ ನಮ್ಮವರು ಕಟ್ಟಿಡುವ ಗಂಟು.

"ಡಾಕ್ಟ್ರು ಬಿಟ್ರೂ ಇದು ಬಿಡಲ್ಲ ಅಮ್ಮಿಣಿ. ನೀ ಇನ್ನು ಮಲೆ ಹತ್ತಲ್ಲ ಅಂತ ಚೌಡಮ್ಮಂಗೆ ಮಾತು ಆಗೋಗಿದೆ." ಚೌಡಮ್ಮ ನಮ್ಮ ಮನೆದೇವರು, ಅಮ್ಮಿಣಿ ಎಂದು ಅವಳು ಮುದ್ದಿನಿಂದ ಕರೆಯುವುದು ನನ್ನನ್ನು.

"ಯಾರು ಕೊಟ್ಟದ್ದು ಮಾತು?"

"ನೀನೆ."

ನನಗೆ ಸಿಟ್ಟು ಬಂತು. ನಾನು ಯಾವಾಗ ಕೊಟ್ಟೆ ಎಂದೆ.

"ಒಳಗೆ ಕರ್ಕೊಂಡು ಹೋಗಾಗ. ಗಾಡಿ ಮೇಲೆ ಮಲ್ಗಿದ್ದೆ. ನನ್ ಕೈ ಹಿಡ್ಕೊಂಡೆ. ಅವ್ವಾ, ಕಾಲೊಂದು ಉಳೀಲಿ, ಇನ್ನು ಮಲೆ ಕಡೆ ತಲೆ ಹಾಕಿ ಮಲಗೂ ಇಲ್ಲ ಅಂದೆ. ಅಲ್ಲೇ ಸೆರಗಿನ ತುದಿ ಹರ್ದು ಕಾಸು ಕಟ್ದೆ. ಮನೆಗೆ ಬಂದು ಅರಿಶಿನದ ಬಟ್ಟೆಗೆ ಹಾಕ್ದೆ. ಕಾಲು ಉಳೀತಾ ಇಲ್ಲವಾ?"

ಕಾಲು ಉಳಿದಿತ್ತು. ಆ ಮಾತು ನಾನು ಆಡಿದ್ದೆನೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. "ಮಲೆ ಕಡೆ ತಲೆ ಹಾಕಿ ಮಲಗೂ ಇಲ್ಲ" ಎನ್ನುವುದು ನನ್ನ ಮಾತಿನ ರೀತಿಯಲ್ಲ, ಅವ್ವನದು. ಆದರೆ ಹೆದರಿದಾಗ ನಾವು ಯಾರ ಮಾತಿನಲ್ಲಿ ಮಾತಾಡುತ್ತೇವೆ? ತಂಗವೇಲುವನ್ನು ಕೇಳಿದೆ. ಅವನು ಆಗ ಕೆಳಗೆ ಔಷಧಿ ತರಲು ಹೋಗಿದ್ದನಂತೆ. ಒಬ್ಬಳೇ ಸಾಕ್ಷಿ, ಅದೂ ನನ್ನ ತಾಯಿ. ಎದುರು ಪಕ್ಷದಲ್ಲಿ ನಾನು, ನನ್ನ ಕೈಯಲ್ಲಿ ಏನೂ ಇಲ್ಲ.

"ಕಾಲೇಜಲ್ಲಿ ರಾಜರ ಶಾಸನವನ್ನೇ ಸುಳ್ಳಿರಬಹುದು ಅಂತೀಯ. ಈ ಗಂಟಿಗೆ ಹೆದರ್ತೀಯಾ?" ಎಂದ ತಂಗವೇಲು.

ನನ್ನ ಹೆದರಿಕೆ ಗಂಟಿನದಲ್ಲ. ಗಂಟು ಕಟ್ಟಿದ ಕೈಯೇ ನನ್ನನ್ನು ಹೊರಳಿಸಿದ್ದು, ಬಾಚಿದ್ದು. ನಾನು ಮತ್ತೆ ಬೆಟ್ಟಕ್ಕೆ ಹೋದರೆ, ಅಂದಿನಿಂದ ಅವ್ವ ನನ್ನ ಪ್ರತಿ ಸೀನಿಗೂ ಬೆಚ್ಚುತ್ತಾಳೆ. ನಾಳೆ ನಿಜವಾಗಿಯೂ ಕಾಲು ಮತ್ತೆ ಜೋಮು ಹಿಡಿದರೆ ಅದನ್ನು ಅವಳು ಬದುಕಿರುವವರೆಗೂ ಹೊರುತ್ತಾಳೆ. ಇದನ್ನೆಲ್ಲ ತಂಗವೇಲುವಿಗೆ ವಿವರಿಸಿದೆ. ಬಹಳ ಒಳ್ಳೆಯ ಮಗಳ ಹಾಗೆ ಕೇಳಿಸಿರಬೇಕು.

ನಸೀಮಾಗೂ ಅದನ್ನೇ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಹೆದರಿಕೆ ಅಮ್ಮಂಗಾ, ನಿಂಗಾ?" ಎಂದಳು.

ಫೋನಿಟ್ಟ ಮೇಲೂ ಆ ಪ್ರಶ್ನೆ ಹೋಗಲಿಲ್ಲ. ಮುಡಿಪು ನನಗೆ ಅನುಕೂಲವೂ ಆಗಿತ್ತು. ಮೆಟ್ಟಿಲು ಕಂಡರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಯಾರಿಗೂ ಹೇಳಬೇಕಿರಲಿಲ್ಲ. ಅವ್ವ ಬಿಡುವುದಿಲ್ಲ ಎಂದರೆ ಸಾಕಿತ್ತು. ಕಾಯಿಲೆಯಿಂದ ಎದ್ದವರಿಗೆ ಇದು ಗೊತ್ತಿರುತ್ತದೆ. ದೇಹ ಹೂಂ ಅಂದ ಮೇಲೆ ಶುರುವಾಗುವ ಹೆದರಿಕೆ ಬೇರೆಯೇ. ಅದಕ್ಕೆ ಸ್ಕ್ಯಾನ್ ಇಲ್ಲ, ಮಾತ್ರೆಯೂ ಇಲ್ಲ. ಆದರೆ ಆ ಹೆದರಿಕೆಯ ಜೊತೆಗೇ ಬೆಟ್ಟವೂ ಬೇಕಿತ್ತು. ಎರಡೂ ನಿಜ.

ಅವ್ವ ಸೋಮನೂರಿಗೆ ಹಿಂತಿರುಗಿದಳು. ವಾರಕ್ಕೊಮ್ಮೆ ನಾನು ಹೋಗುತ್ತಿದ್ದೆ. ಬೆಟ್ಟದ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಅವಳು ನನ್ನ ನಡಿಗೆ ನೋಡುತ್ತಿದ್ದಳು, ನಾನು ಅವಳು ನೋಡುವುದನ್ನು ನೋಡುತ್ತಿದ್ದೆ. ಒಂದು ಶುಕ್ರವಾರ, ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ, "ಮೊದ್ಲೆಲ್ಲ ಭಾನುವಾರ ಆದ್ರೆ ಫೋನಲ್ಲಿ ಗಾಳಿ ಸದ್ದು ಬರೋದು. ಅದರೊಳಗೆ ನಿನ್ ನಗು" ಎಂದಳು. "ಈಗ ಫೋನಲ್ಲಿ ನಿನ್ ಮಾತು ಸರಿಯಾಗಿ ಕೇಳ್ತದೆ. ಅದೇ ಸೆರಿ ಇಲ್ಲ" ಎಂದು ಸೊಪ್ಪಿನ ದಂಟುಗಳನ್ನು ಗುಡ್ಡೆ ಮಾಡಿದಳು. "ಬಾ, ಪೂ ಕೇಳಿಬಿಡೋಣ."

ಪೂ ಕೇಳುವುದೆಂದರೆ ದೇವಿಯ ಅಪ್ಪಣೆ ಕೇಳುವುದು. ಬಿಳಿ ಹೂವಿನದೊಂದು, ಕೆಂಪು ಹೂವಿನದೊಂದು ಪೊಟ್ಟಣವನ್ನು ಒಂದೇ ತರಹದ ಎಲೆಯಲ್ಲಿ ಮಡಿಸಿ ದೇವಿಯ ಮುಂದೆ ಇಡುತ್ತಾರೆ. ಕೇಳುವವರು ಮನಸ್ಸಿನಲ್ಲೇ ಕೇಳಿ, ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಬಿಳಿ ಬಂದರೆ ಹೂಂ. ಕೆಂಪು ಬಂದರೆ ಇಲ್ಲ. ಮದುವೆಗೆ, ಮನೆಗೆ, ಹೊಸ ಮಗ್ಗ ಹಾಕಿಸುವುದಕ್ಕೆ, ನಮ್ಮವರು ಎಲ್ಲಕ್ಕೂ ಕೇಳುತ್ತಾರೆ. ನನ್ನನ್ನು ಮೈಸೂರಿಗೆ ಓದಲು ಕಳಿಸಲೂ ಕೇಳಿದ್ದರು.

ಅಂದು ಸಂಜೆ ಚೌಡಮ್ಮನ ಗುಡಿಯಲ್ಲಿ ಅವ್ವ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು. ತುಟಿ ಅಲ್ಲಾಡುತ್ತಿತ್ತು. ನಂಬಿಕೆ ನನಗೆ ಅಷ್ಟಕ್ಕಷ್ಟೇ, ಆದರೂ ಆ ಎರಡು ಪೊಟ್ಟಣಗಳಿಂದ ಕಣ್ಣು ತೆಗೆಯಲಿಲ್ಲ. ಅವಳು ಎತ್ತಿಕೊಟ್ಟ ಪೊಟ್ಟಣವನ್ನು ಪೂಜಾರಿ ಬಿಡಿಸಿದರು. ಬಿಳಿ. ನಂದಿಬಟ್ಟಲು. ನಾನು ಏನು ಮಾಡಿದೆನೋ ತಿಳಿಯದು. ನಸೀಮಾಗೆ ಹೇಳಿಕೊಂಡಾಗ ಕುಣಿದೆ ಎಂದೆ, ಖಂಡಿತ ಕುಣಿದಿರಲಾರೆ. ಅವ್ವ ನನ್ನನ್ನು ನೋಡಿದಳು. ಆಮೇಲೆ ಹೂವನ್ನು ನೋಡಿದಳು.

"ಸೆರಿ" ಎಂದಳು. "ಹೋಗು. ನಾನೂ ಬತ್ತೀನಿ."

ಹಾಗೆ ಒಂದು ಭಾನುವಾರ ಬೆಳಗ್ಗೆ ತಂಗವೇಲು ನಮ್ಮ ಮೂವರನ್ನು, ಅವ್ವ, ನಸೀಮಾ, ನಾನು, ಊದಿಯೂರಿನ ಬೆಟ್ಟದ ಬುಡದಲ್ಲಿ ಇಳಿಸಿದ. ತನಗೆ ಮಂಡಿ ನೋವು ಎಂದು ಕಾರಿನಲ್ಲೇ ಉಳಿದ. ಅವನಿಗೆ ಮಂಡಿ ನೋವಿಲ್ಲ. ನಾನು ಹತ್ತುವುದನ್ನು ಹಿಂದಿನಿಂದ ನೋಡುತ್ತ ಬರಲು ಅವನಿಂದ ಆಗುತ್ತಿರಲಿಲ್ಲ ಎಂದು ನನ್ನ ಊಹೆ. ನನ್ನ ಚೀಲವನ್ನು ನಸೀಮಾ ತನ್ನ ಚೀಲದ ಮೇಲೆ ಹೊತ್ತಳು. "ಇಷ್ಟು ವರ್ಷ ನನ್ನ ನೀರು ನೀ ಹೊತ್ತಿದ್ದಕ್ಕೆ ಈಗ ಸಾಲ ತೀರಿಸ್ತಿದೀನಿ" ಎಂದಳು.

ಅವ್ವ ಚಪ್ಪಲಿಯನ್ನು ಕಾರಿನಲ್ಲೇ ಬಿಟ್ಟಿದ್ದಳು. ಬರಿಗಾಲಿನಲ್ಲಿ ನಮಗಿಂತ ಮುಂದೆ. ಎಪ್ಪತ್ತರ ಹತ್ತಿರದ ಹೆಂಗಸು, ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಮೆಟ್ಟಿಲಿಗೊಂದು ಉಸಿರು. ನಾನು ಹಿಂದೆ, ಪ್ರತಿ ಸಲ ಎಡಗಾಲು ಊರುವ ಮೊದಲು ಕಣ್ಣಿನಿಂದ ನೋಡಿ, ಎಲ್ಲಿ ಇಡುತ್ತೇನೆಂದು ಅದಕ್ಕೆ ತೋರಿಸಿ ಆಮೇಲೆ ಊರುತ್ತ. ಮೊದಲ ತಿರುವಿನಲ್ಲಿ ಸೊಂಟದಲ್ಲಿ ಚಳಕು ಬಂತು. ನಿಂತೆ. ಅದು ಹಳೆಯ ನೋವೋ ಹೊಸ ಆಯಾಸವೋ ಎಂದು ಕಿವಿಗೊಟ್ಟು ಕೇಳಿದೆ. ಆಯಾಸ. ಬಹುಶಃ ಆಯಾಸ. ಅವ್ವ ಮೇಲಿನ ಮೆಟ್ಟಿಲಿನಿಂದ, "ಏನು?" ಎಂದಳು. "ಏನಿಲ್ಲ, ನೋಡ್ತಿದೀನಿ" ಎಂದೆ. "ಏನ್ ನೋಡ್ತಿ?" "ಮಂಗ." ನಿಜಕ್ಕೂ ಮಂಗಗಳಿದ್ದವು, ನಸೀಮಾಳ ಬೆನ್ನಿನ ಎರಡು ಚೀಲಗಳ ಮೇಲೆ ಕಣ್ಣಿಟ್ಟು.

"ಅಮ್ಮ, ನೀವು ಹತ್ತಬಹುದು, ಇವಳು ಹತ್ತಬಾರದು ಅಂತ ಹರಕೆ ಹೊತ್ತಿದ್ರಲ್ಲ, ಇದೆಂಥ ನ್ಯಾಯ?" ಎಂದಳು ನಸೀಮಾ.

"ಇದು ಮಲೆ ಅಲ್ಲಮ್ಮ. ಕೋಯಿಲು ತನಕ ಕೋಯಿಲೇ. ಮಲೆ ಅದಾದ ಮೇಲೆ" ಎಂದಳು ಅವ್ವ, ಮೇಲಿನ ಗುಡಿಯ ಕಡೆ ಕೈ ತೋರಿಸಿ. ಬಹಳ ಯೋಚಿಸಿ ಇಟ್ಟುಕೊಂಡಿದ್ದ ಉತ್ತರದ ಹಾಗಿತ್ತು.

ಗುಡಿ ತಲುಪಿದೆವು. ದೀಪ ಹಚ್ಚಿದೆವು. ಹಿಂದಿನ ಕಟ್ಟೆಯ ಮೇಲೆ ನಾನು ನಿಂತೇ ಇದ್ದೆ. ಅವ್ವ ಕೂತು ಹುರಿದ ಕಡಲೆಕಾಯಿಯ ಪೊಟ್ಟಣ ಬಿಚ್ಚಿದಳು. ಕಲ್ಲುದಾರಿ ಅಲ್ಲಿಂದಲೇ ಶುರುವಾಗುತ್ತದೆ. ಎರಡು ಬಂಡೆಗಳ ನಡುವೆ ನುಸುಳಿ ಮೇಲೆ ತಿರುಗುತ್ತದೆ. ನಾನು ಅದನ್ನೇ ನೋಡುತ್ತಿದ್ದಿರಬೇಕು.

"ಇಲ್ಲಿಗೆ ಸಾಕಲ್ಲ ಅಮ್ಮಿಣಿ" ಎಂದಳು ಅವ್ವ.

"ಬಿಳಿ ಬಂತಲ್ಲವ್ವ."

ಅವಳು ಒಂದು ಕಡಲೆಯ ಸಿಪ್ಪೆ ಬಿಡಿಸಿದಳು. ಇನ್ನೊಂದನ್ನೂ ಬಿಡಿಸಿದಳು. ತಿನ್ನಲಿಲ್ಲ.

"ನಾ ಏನ್ ಕೇಳ್ದೆ ಅಂತ ನೀ ಕೇಳ್ಲೇ ಇಲ್ಲ. ಮುಡಿಪು ಹಂಗೇ ಇರ್ಲಾ ತಾಯಿ ಅಂತ ಕೇಳ್ದೆ. ಇರ್ಲಿ ಅಂತ ಬಿಳಿ ಬಂತು."

ನಸೀಮಾ ಚೀಲದ ದಾರ ಬಿಗಿಮಾಡುವ ನೆಪದಲ್ಲಿ ಸ್ವಲ್ಪ ದೂರ ಹೋದಳು.

"ಹಾಗಾದರೆ ಹೋಗು ಅಂತ ಯಾಕೆ ಹೇಳಿದೆ?"

"ಬಿಳಿ ಕಂಡೇಟ್ಗೆ ನಿನ್ ಮೊಗ ನೋಡ್ದೆ. ಚಿಕ್ಕೋಳಾಗಿ ಹೋಗ್ಬುಟ್ಟಿದ್ದೆ. ನಂಗೆ ಬಾಯಿ ಬರ್ಲಿಲ್ಲ. ಕೋಯಿಲು ತನಕ ತಾನೆ, ಅಷ್ಟಕ್ಕೇ ನಿಲ್ಸಿಬಿಡೋಣ ಅಂದ್ಕೊಂಡೆ."

ನಾನು ಅವಳ ಪಕ್ಕದಲ್ಲಿ ಕೂತೆ. ಕೂರಲು ನನಗೆ ಇನ್ನೂ ಸಮಯ ಹಿಡಿಯುತ್ತದೆ. ಮೊದಲು ಕೈ, ಆಮೇಲೆ ಸೊಂಟ. ಸಿಟ್ಟು ಬರಬಹುದೆಂದು ಕಾದೆ, ಬರಲಿಲ್ಲ. ದೇವಿಗೆ ಮಾತು ಕೊಟ್ಟರೆ ಉಸಿರು ಹೋದರೂ ನಡೆಸುವ ಹೆಂಗಸು, ಸಿಕ್ಕ ಉತ್ತರವನ್ನು ಒಳಗೇ ಅದುಮಿಕೊಂಡು ಇಷ್ಟು ದಿನ ಒಬ್ಬಳೇ ಇದ್ದಳು. ನನ್ನ ಮುಖ ಚಿಕ್ಕದಾಗಬಾರದೆಂದು. ಸಾಕು ಅನ್ನಿಸಿತು. ಇದು ತ್ಯಾಗವೇನಲ್ಲ. ಬೆಟ್ಟದ ಅರ್ಧದವರೆಗೆ ಬಂದಿದ್ದೆ, ಕಾಲು ನನ್ನ ಮಾತು ಕೇಳಿತ್ತು. ಅವ್ವನ ಹೆದರಿಕೆಯ ಮೇಲೆ ಕಾಲಿಟ್ಟು ಉಳಿದರ್ಧ ಹತ್ತುವುದು ನನಗೆ ಬೇಕಿರಲಿಲ್ಲ.

"ಸರಿ ಬಿಡವ್ವ. ಇಲ್ಲಿಂದಲೇ ಇಳಿಯೋಣ" ಎಂದೆ.

ಅವಳು ಕಡಲೆಯನ್ನು ನನ್ನ ಅಂಗೈಗೆ ಹಾಕಿದಳು. ಇಬ್ಬರೂ ತಿಂದೆವು. ಕೆಳಗೆ ಬಯಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು.

"ಮೇಲೆ ಏನಿದೆ?" ಎಂದಳು ಅವ್ವ.

"ಏನೂ ಇಲ್ಲ. ಬಂಡೆ. ಗಾಳಿ."

"ಏನೂ ಇಲ್ಲದ್ದಕ್ಕಾ ಇಷ್ಟೊಂದು?"

ನಾನು ನಕ್ಕೆ. ಅವಳು ನಗಲಿಲ್ಲ. ಮಡಿಲಿನ ಸಿಪ್ಪೆ ಕೊಡವಿ, ನನ್ನ ಕಡೆ ನೋಡದೆ ಹೇಳಿದಳು: "ಅವತ್ತು ಆ ಮಾತು ನೀ ಹೇಳಿರ್ಬೋದು. ಹೇಳ್ದೆಯೂ ಇರ್ಬೋದು. ನಂಗೂ ತಲೆ ನಿಂತಿರ್ಲಿಲ್ಲ ಅಮ್ಮಿಣಿ. ಹೇಳ್ದಂಗೆ ಕೇಳಿಸ್ತು. ಆದ್ರೆ ಕಾಸು ಕಟ್ಟಿದ್ದು ನಾನೇ, ಅದು ನಿಜ. ಕಟ್ಟಿದೋಳೇ ಬಿಚ್ಚಬೇಕು."

"ಬಿಚ್ಚಿದರೆ ಚೌಡಮ್ಮ ಏನನ್ನಲ್ಲವಾ?"

"ಅಂದ್ರೆ ನನ್ನ ಅನ್ನಲಿ. ಅವಳ ಹತ್ರ ನಾ ಮಾತಾಡ್ಕೋತೀನಿ. ಎಷ್ಟು ವರ್ಷದ ಪರಿಚಯ."

"ಬದಲಿಗೆ ಏನು ಕೊಡ್ತೀಯ?"

"ಅದು ನಂಗೂ ಅವಳ್ಗೂ. ನೀ ಎದ್ದೇಳು. ಬಿಸಿಲು ಏರ್ತದೆ." ಆಮೇಲೆ ದೂರದಲ್ಲಿದ್ದ ನಸೀಮಾಗೆ ಕೇಳುವಂತೆ ದನಿ ಎತ್ತಿದಳು. "ಏಮ್ಮಾ, ನೀ ಹಿಂದೆ ಇರು. ಮುಂದೆ ಹೋದ್ರೆ ಇವ್ಳು ನಿನ್ ಜೊತೆ ಪಂದ್ಯ ಕಟ್ತಾಳೆ."

ಅವಳ ಕಣ್ಣಿನ ಹೆದರಿಕೆ ಹೋಗಿರಲಿಲ್ಲ. ಹೆದರಿಕೆ ಇರುವಾಗಲೇ ಹೋಗು ಅಂದಳು. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಆಮೇಲಿನ ದಿನಗಳಲ್ಲಿ ನಾನೂ ಅದನ್ನೇ ಮಾಡುತ್ತ ಬಂದಿದ್ದೇನೆ. ಹೆದರಿಕೆ ಹೋಗಲಿ ಎಂದು ಕಾಯುವುದನ್ನು ಬಿಟ್ಟಿದ್ದೇನೆ.

ಎರಡು ಬಂಡೆಗಳ ನಡುವೆ ನುಸುಳುವಾಗ ಕೈಯೂರಿದೆ. ಕಲ್ಲು ಆಗಲೇ ಬೆಚ್ಚಗಿತ್ತು. ಒಂದೊಂದೇ ಹೆಜ್ಜೆ. ತಿರುವಿನ ಮೇಲೆ ಒಂದು ಚಪ್ಪಟೆ ಬಂಡೆಯಿದೆ, ಅಲ್ಲಿಂದ ಗುಡಿಯ ಹಿಂಭಾಗ ಕಾಣುತ್ತದೆ. ನಿಂತು ಕೆಳಗೆ ನೋಡಿದೆ. ಅವ್ವ ಕಟ್ಟೆಯಿಂದ ಎದ್ದು ನಿಂತಿದ್ದಳು. ಅಷ್ಟು ದೂರಕ್ಕೆ ಮುಖ ಕಾಣಿಸದು. ಬಲಗೈ ಎತ್ತಿ, ಬೆರಳುಗಳನ್ನು ಮುಂದಕ್ಕೆ ಬೀಸಿದಳು. ಮತ್ತೊಮ್ಮೆ ಬೀಸಿದಳು.

ಮಗ್ಗದ ಕೊಟ್ಟಿಗೆಯ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ನಮ್ಮವರು ಕೈಯಲ್ಲೇ ಮಾತಾಡುತ್ತಾರೆ. ಊಟಕ್ಕೆ ಬಾ, ಎಳೆ ಹರಿದಿದೆ, ನೀರು ಕೊಡು, ಎಲ್ಲಕ್ಕೂ ಒಂದೊಂದು ಸನ್ನೆ. ಬೆರಳು ಮುಂದಕ್ಕೆ ಬೀಸಿದರೆ, ನಿಲ್ಲಿಸಬೇಡ, ಓಡಲಿ ಎಂದು.

"ಏನಂತಿದ್ದಾರೆ ಅಮ್ಮ?" ಎಂದಳು ಹಿಂದಿದ್ದ ನಸೀಮಾ.

"ನಿಲ್ಲಿಸಬೇಡ ಅಂತಿದ್ದಾಳೆ."

ಅವಳು ಹಣೆಗೆ ಕೈ ಅಡ್ಡ ಹಿಡಿದು ಕೆಳಗೆ ನೋಡಿದಳು. "ಜ್ಯೋತಿ, ಅವರು ಮಂಗ ಓಡಿಸ್ತಿದ್ದಾರೆ ಅನ್ಸುತ್ತೆ. ಕಡಲೆ ಪೊಟ್ಟಣದ ಹತ್ರ ಒಂದು ಕೂತಿದೆ ನೋಡು."

ಕೂತಿತ್ತು. ಅವ್ವನನ್ನು ಅಂದೂ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಕೆಳಗೆ ಅವಳ ಕೈ ಇನ್ನೊಮ್ಮೆ ಮುಂದಕ್ಕೆ ಬೀಸಿತು. ನಾನು ತಿರುಗಿ, ಎಡಗಾಲನ್ನು ಎಲ್ಲಿಡುವುದೆಂದು ನೋಡಿಕೊಂಡು, ಮೇಲಕ್ಕೆ ನಡೆದೆ.